ಪಗಾರ ಎಷ್ಟು, ಉಳಿಯುವುದೆಷ್ಟು?



ಈ ಸಲ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಗದ್ವಾಲದಿಂದ ನನ್ನ ತಂಗಿಯ ಗಂಡ ಮಕ್ತಲಕ್ಕೆ ಬಂದರು. ಅವರದು ಸೀರೆ ಅಂಗಡಿ. ಸುಮ್ಮನೆ ಬರುವವರಲ್ಲ, ಏನೋ ಕೆಲಸವಿರಬೇಕೆಂದುಕೊಂಡೆ. ಚಹಾ ಕುಡಿದ ಮೇಲೆ ವಿಷಯ ಹೊರಗೆ ಬಂತು. ಮಗಳಿಗೆ ಎರಡು ಕಡೆಯಿಂದ ಸಂಬಂಧ ಬಂದಿದೆ. ಒಬ್ಬ ಹುಡುಗ ಹೈದರಾಬಾದಿನಲ್ಲಿ ಕಂಪನಿ ನೌಕರಿಯಲ್ಲಿದ್ದಾನೆ, ವರ್ಷಕ್ಕೆ 6 ಲಕ್ಷ 60 ಸಾವಿರದ ಪ್ಯಾಕೇಜು. ಇನ್ನೊಬ್ಬ ನಾರಾಯಣಪೇಟೆಯವನು. ಊರಲ್ಲೇ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುತ್ತಾನೆ, ತಿಂಗಳಿಗೆ 22 ಸಾವಿರ ಪಗಾರ, ಸ್ವಂತ ಮನೆ. ಎರಡೂ ಮನೆತನ ಒಳ್ಳೆಯವು, ಇಬ್ಬರೂ ಹುಡುಗರು ದುಶ್ಚಟವಿಲ್ಲದವರು.

"ಭಾವಾ, 55 ಸಾವಿರ ಎಲ್ಲಿ, 22 ಸಾವಿರ ಎಲ್ಲಿ? ಇದರಾಗ ವಿಚಾರ ಮಾಡೋದು ಏನದ? ನೀವೂ ಒಂದು ಮಾತು ಹೂಂ ಅನ್ರಿ, ಮುಂದಿನ ಮಾತಾಡ್ತೀನಿ" ಎಂದರು.

ನಾನು ಹೂಂ ಅನ್ನಲಿಲ್ಲ. ಎಂಟು ದಿನ ಸಮಯ ಕೊಡ್ರಿ ಎಂದೆ. ಅವರಿಗೆ ಆಶ್ಚರ್ಯವಾಯಿತು. ನಲವತ್ತು ವರ್ಷ ಅಂಗಡಿ ನಡೆಸಿದವನಿಗೆ ಇಷ್ಟು ಲೆಕ್ಕಕ್ಕೆ ಎಂಟು ದಿನ ಬೇಕೇ? ಬೇಕು. ಯಾಕೆಂದರೆ ಇದೇ ಲೆಕ್ಕದಲ್ಲಿ ನಾನು ಹಿಂದೆ ಒಮ್ಮೆ ತಪ್ಪಿದ್ದೇನೆ. ಅದನ್ನು ಮನೆಯವರ ಹೊರತು ಯಾರ ಮುಂದೆಯೂ ಹೇಳಿರಲಿಲ್ಲ.

2011ರ ಮಾತು. ನನ್ನ ಮಗನಿಗೆ ಹೈದರಾಬಾದಿನಲ್ಲಿ 18 ಸಾವಿರದ ನೌಕರಿ. ಹೊಸದಾಗಿ ಮದುವೆಯಾಗಿತ್ತು. ಆಗ ಮಕ್ತಲದ ನಮ್ಮ ಮನೆ, ಆರು ಜನರ ಸಂಸಾರ, ತಿಂಗಳಿಗೆ 8 ಸಾವಿರದಲ್ಲಿ ನಡೆಯುತ್ತಿತ್ತು. ನನ್ನ ವಹಿಯಲ್ಲಿ ಮನೆಖರ್ಚಿನ ಖಾತೆಯೇ ಸಾಕ್ಷಿ. ಆರು ಜನಕ್ಕೆ 8 ಸಾವಿರ ಸಾಕಾದರೆ ಇಬ್ಬರಿಗೆ 18 ಸಾವಿರ ಬೇಕಾದಷ್ಟಾಯಿತು ಎಂದು ತಿಳಿದೆ. ಸಹಾಯ ಮಾಡುವುದು ದೂರ ಉಳಿಯಿತು, ತಿಂಗಳಿಗೆ 4 ಸಾವಿರ ಊರಿಗೆ ಕಳಿಸಪ್ಪಾ, ಉಳಿತಾಯದ ರೂಢಿ ಆಗ್ತದ ಎಂದು ನಾನೇ ಹೇಳಿದೆ. ಹುಡುಗ ಕಳಿಸಿದ. ಎರಡು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ.

ನಾರಾಯಣಪೇಟೆಯಲ್ಲಿ ಅಣ್ಣನ ಮಗಳ ಮದುವೆಯಾದಾಗ ಸೊಸೆಯ ಕೈಯಲ್ಲಿ ಪಾಟ್ಲಿ ಇಲ್ಲದ್ದನ್ನು ನನ್ನ ಮನೆಯಾಕೆ ನೋಡಿದಳು. ಕೇಳಿದರೆ ಬ್ಯಾಂಕಿನಲ್ಲಿದೆ ಎಂದಳಂತೆ. ಅದು ಸುಳ್ಳಲ್ಲ. ಬ್ಯಾಂಕಿನಲ್ಲೇ ಇತ್ತು, ಆದರೆ 40 ಸಾವಿರಕ್ಕೆ ಅಡವಾಗಿತ್ತು. ಆ ಮೇಲೆ ಮಗನ ಮನೆಗೆ ಹೋದಾಗ ಸೊಸೆ ಮಾತಾಡದೆ ತನ್ನ ಖರ್ಚಿನ ನೋಟುಪುಸ್ತಕ ತಂದು ನನ್ನ ಮುಂದೆ ಇಟ್ಟಳು. ವ್ಯಾಪಾರಿಯ ಮಗಳು ಅವಳು, ಪೈಸೆಗೆ ಪೈಸೆ ಬರೆದಿದ್ದಳು. ಅದರಲ್ಲಿ ಒಂದು ಸಿನೆಮಾ ಇಲ್ಲ, ಒಂದು ಹೋಟೆಲು ಇಲ್ಲ. ಬಾಡಿಗೆ 6,500. ನೀರಿನ ಕ್ಯಾನು. ಮನೆ ಬದಲಿಸಿದಾಗ ಅಡ್ವಾನ್ಸು. ಆಟೋ. ಮತ್ತೆ ಒಂದು ಪುಟಕ್ಕೆ ಬೇರೆ ತಲೆಬರಹ: "ಊರಿನವರು." ಅದರ ಕೆಳಗೆ ಹೆಸರಿಲ್ಲದೆ, 2 ಜನ 3 ದಿನ, 1 ಜನ 8 ದಿನ, 4 ಜನ 2 ದಿನ. ಆಸ್ಪತ್ರೆಗೆ ಬಂದವರು, ಪರೀಕ್ಷೆಗೆ ಬಂದವರು, ಮದುವೆ ಜವಳಿಗೆ ಬಂದವರು. ಒಂದು ವರ್ಷದಲ್ಲಿ ಇಪ್ಪತ್ತಮೂರು ಜನ. ಅವರಲ್ಲಿ ಹದಿನೇಳು ಮಂದಿಯನ್ನು ಕಳಿಸಿದವನು ನಾನೇ. "ಹೈದರಾಬಾದಿನಾಗ ನಮ್ಮ ಹುಡುಗ ಇದ್ದಾನ, ಲಾಡ್ಜಿಗೆ ಯಾಕ ಹೋಗ್ತೀರಿ?" ಎಂದು ಅಂಗಡಿಯ ಗಾದಿಯ ಮೇಲೆ ಕುಳಿತು ಹೇಳುವುದು ನನಗೆ ದೊಡ್ಡಸ್ತಿಕೆಯಾಗಿತ್ತು.

ಪಾಟ್ಲಿ ಬಿಡಿಸಿಕೊಟ್ಟೆ. ಸೊಸೆ ಬೇಡ ಎನ್ನಲಿಲ್ಲ, ಬೇಕು ಎಂದೂ ಎನ್ನಲಿಲ್ಲ.

ಊರಿಗೆ ಬಂದು ನನ್ನ 8 ಸಾವಿರವನ್ನು ಮತ್ತೆ ತೆಗೆದು ನೋಡಿದೆ. ಮನೆ ಅಜ್ಜನವರು ಕಟ್ಟಿಸಿದ್ದು, ಬಾಡಿಗೆ ಇಲ್ಲ. ಹಾಗೆಯೇ ಹಿಡಿದರೆ ಆಗ ಮಕ್ತಲದಲ್ಲೂ 3 ಸಾವಿರ ಬರುತ್ತಿತ್ತು. ಅಕ್ಕಿ, ಜೋಳ, ತೊಗರಿಬೇಳೆ, ಎಣ್ಣೆ, ಬೆಲ್ಲ ಎಲ್ಲವೂ ಅಂಗಡಿಯಿಂದ ಒಳಗೆ ಹೋಗುತ್ತಿದ್ದವು, ವಹಿಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ತೂಗಿ ನೋಡಿದರೆ 5,500ರ ಮಾಲು. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದುದರಿಂದ ಹೋಗಿಬರುವ ಖರ್ಚು ಇಲ್ಲ. ಒಟ್ಟು 16,500 ಆಯಿತು. ಅದೂ ನನ್ನ ತಾಯಿ ಮತ್ತು ಮನೆಯಾಕೆ ಬೆಳಗಿನಿಂದ ರಾತ್ರಿವರೆಗೆ ಮಾಡಿದ ಕೆಲಸಕ್ಕೆ ಕಿಮ್ಮತ್ತು ಹಚ್ಚದೆ. ಮಗನ 18 ಸಾವಿರದ ಪಕ್ಕದಲ್ಲಿ ನಾನು ಇಡಬೇಕಾಗಿದ್ದುದು ಈ 16,500. ಇಟ್ಟದ್ದು ಬರೀ 8 ಸಾವಿರ.

ನಮ್ಮ ಅಜ್ಜನವರು ಇಂಥ ತಪ್ಪು ಮಾಡುತ್ತಿರಲಿಲ್ಲ. ಅವರ ಕಾಲದಲ್ಲಿ ಇಲ್ಲಿ ನಿಜಾಮ ಸರಕಾರದ ಹಾಲಿ ಸಿಕ್ಕಾ ರೂಪಾಯಿ, ಬ್ರಿಟಿಷ್ ಸೀಮೆಯಲ್ಲಿ ಕಲ್ದಾರ ರೂಪಾಯಿ. 7 ಹಾಲಿಗೆ 6 ಕಲ್ದಾರ. ಸೋಲಾಪುರಕ್ಕೆ ಬಟ್ಟೆ ಖರೀದಿಗೆ ಹೋಗುವವರು 100 ಕಲ್ದಾರ ಬೇಕಾದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಣಿಸಿ ಕೊಡಬೇಕಾಗಿತ್ತು. ಎರಡಕ್ಕೂ ರೂಪಾಯಿ ಎಂದೇ ಹೆಸರು. ಆದರೂ ಯಾವ ವ್ಯಾಪಾರಿಯೂ ಹಾಲಿಯ ಅಂಕಿಯನ್ನು ಕಲ್ದಾರದ ಅಂಕಿಯ ಪಕ್ಕದಲ್ಲಿ ಹಾಗೆಯೇ ಬರೆಯುತ್ತಿರಲಿಲ್ಲ, ಬಟಾವು ಹಚ್ಚಿಯೇ ಬರೆಯುತ್ತಿದ್ದ. ಈಗ ನಾಣ್ಯ ಒಂದೇ ಆಗಿರುವುದರಿಂದ ನಮಗೆ ಮೋಸವಾಗುತ್ತದೆ. ಹೈದರಾಬಾದಿನ ರೂಪಾಯಿ, ಮಕ್ತಲದ ರೂಪಾಯಿ ಒಂದೇ ರಾಜ್ಯದವು, ನೋಟು ಒಂದೇ. ಬಟಾವು ಕಣ್ಣಿಗೆ ಕಾಣುವುದಿಲ್ಲ.

ಇರಲಿ, ಸೋದರಸೊಸೆಯ ಮಾತಿಗೆ ಬರುತ್ತೇನೆ. ಮೊದಲು ಹೈದರಾಬಾದಿನ ಹುಡುಗನ ಪಗಾರದ ಚೀಟಿ ತರಿಸಿರಿ ಎಂದೆ. ನನ್ನ ತಂಗಿಯ ಗಂಡ ಸಂಕೋಚಪಟ್ಟರು, ಅದನ್ನು ಕೇಳೋದು ಹ್ಯಾಂಗ, ತಪ್ಪು ತಿಳೀತಾರ ಎಂದರು. ಗೋತ್ರ ಕೇಳುತ್ತೇವೆ, ಜಾತಕ ಕೇಳುತ್ತೇವೆ, ಹುಡುಗಿಗೆ ಅಡಿಗೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಇದರಲ್ಲಿ ಸಂಕೋಚವೇನು? ಕೊನೆಗೆ ನಾನೇ ಫೋನು ಮಾಡಿದೆ. ಹುಡುಗ ಏನೂ ಬೇಸರಿಸಿಕೊಳ್ಳದೆ ಮೂರು ತಿಂಗಳ ಚೀಟಿಗಳನ್ನೂ ಕಂಪನಿಯ ನೇಮಕಪತ್ರವನ್ನೂ ವಾಟ್ಸಾಪಿನಲ್ಲಿ ಕಳಿಸಿದ. ಅಲ್ಲಿಗೇ ಅವನ ಬಗ್ಗೆ ನನಗೆ ಅರ್ಧ ಒಳ್ಳೆಯ ಅಭಿಪ್ರಾಯವಾಯಿತು.

ಈಗ ಪ್ಯಾಕೇಜು ಎಂದರೆ ಏನೆಂದು ನಮ್ಮ ವ್ಯಾಪಾರಿ ಬಂಧುಗಳು ಸರಿಯಾಗಿ ತಿಳಿಯಬೇಕು. ಕಂಪನಿಯವರು ಅದನ್ನು ಸಿ.ಟಿ.ಸಿ. ಎನ್ನುತ್ತಾರೆ. ಆ ನೌಕರನ ಹೆಸರಿನಲ್ಲಿ ಕಂಪನಿಗೆ ಬೀಳುವ ಒಟ್ಟು ಖರ್ಚು ಅದು, ಅವನ ಗಲ್ಲೆಗೆ ಬೀಳುವ ಹಣವಲ್ಲ. ಮಾಲಿನ ಬಿಲ್ಲಿನಲ್ಲಿ ಹಮಾಲಿ, ಬಾರದಾನ, ಲಾರಿ ಬಾಡಿಗೆ ಎಲ್ಲ ಸೇರಿಸಿ ಬರೆದ ಹಾಗೆ. ಈ ಹುಡುಗನ 6,60,000ದಲ್ಲಿ 60,000 ಕೆಲಸ ನೋಡಿ ವರ್ಷದ ಕೊನೆಗೆ ಕೊಡುವಂಥದು, ಪೂರ್ತಿ ಬಂದೀತು, ಅರ್ಧ ಬಂದೀತು. ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲು, 15,000 ಮಿತಿಯ ಮೇಲೆ ಶೇಕಡಾ 12ರಂತೆ ತಿಂಗಳಿಗೆ 1,800, ವರ್ಷಕ್ಕೆ 21,600. ಗ್ರಾಚ್ಯುಯಿಟಿ ಎಂದು 15,900, ಅದು ಐದು ವರ್ಷ ಅಲ್ಲಿಯೇ ಉಳಿದರೆ ಮಾತ್ರ ಅವನಿಗೆ ಸಿಗುವುದು. ಆರೋಗ್ಯ ವಿಮೆಯ ಕಂತು 6,500. ಇವಿಷ್ಟೂ 1,04,000 ತೆಗೆದರೆ ಉಳಿದದ್ದು 5,56,000, ಅಂದರೆ ತಿಂಗಳಿಗೆ 46,333. ಇದರಲ್ಲಿ ಮತ್ತೆ ಅವನ ಪಾಲಿನ ಭವಿಷ್ಯನಿಧಿ 1,800, ತೆಲಂಗಾಣದ ವೃತ್ತಿತೆರಿಗೆ 200. ಆದಾಯತೆರಿಗೆ ಬೀಳುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಪಗಾರದವರಿಗೆ 12 ಲಕ್ಷ 75 ಸಾವಿರದವರೆಗೆ ತೆರಿಗೆ ಇಲ್ಲ. ಕೈಗೆ ಬರುವುದು 44,333.

55 ಸಾವಿರ ಎಂದು ಹೇಳುತ್ತಿದ್ದುದು ಹೀಗೆ 10,667 ಇಳಿಯಿತು. ಹುಡುಗನಾಗಲಿ ಕಂಪನಿಯಾಗಲಿ ಸುಳ್ಳು ಹೇಳಿಲ್ಲ. ಹನ್ನೆರಡರಿಂದ ಭಾಗಿಸಿದವರು ನಾವು.

ಭವಿಷ್ಯನಿಧಿಯ ಹಣ ಕಳೆದುಹೋದದ್ದಲ್ಲ, ಅವನದೇ ಗಂಟು. ತನ್ನ 1,800, ಕಂಪನಿಯ ಪಾಲಿನಲ್ಲಿ ಪಿಂಚಣಿಗೆ 1,250 ಹೋಗಿ ಉಳಿದ 550, ಕೂಡಿ ತಿಂಗಳಿಗೆ 2,350 ಬಡ್ಡಿ ಸಮೇತ ಬೆಳೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಇಷ್ಟು ನಿಯಮಿತವಾಗಿ ಎತ್ತಿಡುವವರು ಎಷ್ಟು ಜನ? ಆದರೆ ಅದರಿಂದ ಈ ತಿಂಗಳ ಹಾಲಿನವನಿಗೆ ಕೊಡಲು ಬರುವುದಿಲ್ಲ.

ಖರ್ಚಿನ ಕಡೆಗೆ ನನ್ನ ಸೊಸೆಯನ್ನೇ ಕೂಡಿಸಿಕೊಂಡೆ. ಹದಿನಾಲ್ಕು ವರ್ಷ ಹೈದರಾಬಾದಿನಲ್ಲಿ ಸಂಸಾರ ಮಾಡಿದವಳು. ಬಸದಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಬೇಕೆಂದರೆ ಬಾಡಿಗೆ 15,000, ಕಟ್ಟಡದ ನಿರ್ವಹಣೆ 1,500 ಹಿಡಿದಳು. ಕಿರಾಣಿ 6,500. ಹಾಲು ಮೊಸರು 2,400. ಕಾಯಿಪಲ್ಲೆ ಹಣ್ಣು 3,000. ಇದು ಹೆಚ್ಚಾಯಿತಲ್ಲವಾ ಎಂದರೆ, "ಮಾವಾ, ಉಳ್ಳಾಗಡ್ಡಿ ಆಲೂಗಡ್ಡಿ ತಿನ್ನೋರಿಗೆ ಸಸ್ತಾ ಬೀಳ್ತದ, ನಮಗ ಅಲ್ಲ" ಎಂದಳು. (ಉಳ್ಳಾಗಡ್ಡಿಯ ಧಾರಣೆ ಆಕಾಶಕ್ಕೆ ಹೋದ ವರ್ಷ ನಾವು ನಿಶ್ಚಿಂತರಾಗಿದ್ದೆವು, ಅದೂ ನಿಜ.) ಗ್ಯಾಸು 900, ಕರೆಂಟು 1,200, ಫೋನು ಮತ್ತು ಇಂಟರ್ನೆಟ್ಟು 1,100, ಹುಡುಗನ ಓಡಾಟ 2,500, ಔಷಧಿ 1,000, ಬಟ್ಟೆ ಹಬ್ಬ ಉಡುಗೊರೆ 3,000, ಊರಿಗೆ ಹೋಗಿಬರಲು 2,000. ಒಟ್ಟು 40,100. ಉಳಿದದ್ದು 4,233.

ಹೆಣ್ಣುಮಕ್ಕಳಿಗೆ 2023ರ ಡಿಸೆಂಬರ್ 9ರಿಂದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿಲ್ಲ. ಮಕ್ತಲದವರಿಗೆ ಅದೇ ವರ್ಷ ಅಕ್ಟೋಬರಿನಲ್ಲಿ ಜಕ್ಲೇರ್‌–ಕೃಷ್ಣಾ ಮಾರ್ಗ ಉದ್ಘಾಟನೆಯಾಗಿ ಕಾಚಿಗುಡಕ್ಕೆ ರೈಲೂ ಆಯಿತು. ಗದ್ವಾಲಕ್ಕೆ ಮೊದಲಿನಿಂದಲೂ ರೈಲು ಇದೆ. ಹಾಗಾಗಿ ಕೊನೆಯ ಬಾಬತ್ತಿನಲ್ಲಿ ಸ್ವಲ್ಪ ಉಳಿದೀತು. ಆದರೆ ಮೇಲಿನ ಪಟ್ಟಿಯಲ್ಲಿ ಮಗು ಇಲ್ಲ, ಶಾಲೆಯ ಫೀ ಇಲ್ಲ, ತಂದೆತಾಯಿಗೆ ಕಳಿಸುವುದಿಲ್ಲ, "ಊರಿನವರು" ಎಂಬ ಪುಟವಂತೂ ಇಲ್ಲವೇ ಇಲ್ಲ. ಇನ್ನೊಂದು ಬಾಬತ್ತು ನಮ್ಮ ಮನೆಗಳಲ್ಲಿ ಮಾತ್ರ ಏಳುವಂಥದು. ಹುಡುಗ ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ, ಕಚೇರಿ ಬಿಡುವುದು ಏಳಕ್ಕೆ. ದಿನವೂ ಎರಡು ಡಬ್ಬಿ ಕಟ್ಟಬೇಕು. ಡಬ್ಬಿ ಕಟ್ಟುವವರು ಯಾರು, ಎಷ್ಟು ಗಂಟೆಗೆ ಏಳಬೇಕು ಎಂಬುದು ಆಗ ನನಗೆ ಹೊಳೆಯಲಿಲ್ಲ. ಮುಂದೆ ಹೇಳುತ್ತೇನೆ.

2011ರ 18 ಸಾವಿರಕ್ಕೂ ಇದನ್ನು ಹೋಲಿಸಿ ನೋಡಿದೆ. ಸರಕಾರದ ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಎಂದು ಹಿಡಿದದ್ದು 2025ರಲ್ಲಿ 190 ದಾಟಿತ್ತು. ಅಂದರೆ ಆಗಿನ 18 ಸಾವಿರ ಈಗಿನ 35 ಸಾವಿರದ ಆಸುಪಾಸು. ಈ ಹುಡುಗ ನನ್ನ ಮಗನಿಗಿಂತ ಮುಂದಿದ್ದಾನೆ, ಆದರೆ ನಮ್ಮ ತಂಗಿಯ ಗಂಡ ತಿಳಿದಷ್ಟು ಮುಂದಲ್ಲ. ನಾರಾಯಣಪೇಟೆಯ ನಮ್ಮ ಅಣ್ಣ ಮಾತ್ರ ಬೇರೆ ರೀತಿ ಅಳೆಯುತ್ತಾನೆ. ಆ ಊರಿನಲ್ಲಿ ಬಂಗಾರದ ವ್ಯಾಪಾರ ಹೆಚ್ಚು, ಎಲ್ಲವನ್ನೂ ಬಂಗಾರದಲ್ಲೇ ತೂಗುವುದು ಅಲ್ಲಿನವರ ರೂಢಿ. 2011ರಲ್ಲಿ 10 ಗ್ರಾಂ ಸುಮಾರು 26 ಸಾವಿರ, 2025ರ ಅಕ್ಟೋಬರಿನಲ್ಲಿ 1 ಲಕ್ಷ 20 ಸಾವಿರ ದಾಟಿತು. ಅವನ ಲೆಕ್ಕದಲ್ಲಿ ನನ್ನ ಮಗನ ಪಗಾರ ಏಳು ಗ್ರಾಂ, ಈ ಹುಡುಗನದು ನಾಲ್ಕಕ್ಕಿಂತ ಕಡಿಮೆ. ಬಂಗಾರ ತಿಂದು ಯಾರೂ ಬದುಕುವುದಿಲ್ಲ, ಆದ್ದರಿಂದ ಆ ತೂಕವನ್ನು ನಾನು ಹಿಡಿಯಲಿಲ್ಲ.

ಈ ನಡುವೆ ತಂಗಿಯ ಮಗ ಫೋನಿನಲ್ಲಿ ಒಂದು ಅಂಕಿ ಹಿಡಿದುಕೊಂಡು ಬಂದ. ಕೇಂದ್ರ ಸರಕಾರದ 2023-24ರ ಕುಟುಂಬ ಖರ್ಚಿನ ಸಮೀಕ್ಷೆಯ ಪ್ರಕಾರ ತೆಲಂಗಾಣದ ಪಟ್ಟಣಗಳಲ್ಲಿ ತಲೆಗೆ ತಿಂಗಳ ಖರ್ಚು 8,978, ಹಳ್ಳಿಗಳಲ್ಲಿ 5,435. ಕರ್ನಾಟಕದ ಪಟ್ಟಣಗಳಲ್ಲಿ 8,076. "ಇಬ್ಬರಿಗೆ 17,956 ಮಾಮಾ. 44 ಸಾವಿರ ಅಂದ್ರ ರಾಜಯೋಗ" ಎಂದ. ಅಂಕಿ ಸರಿಯಾದದ್ದೇ. ಆದರೆ ಅದು ಹೈದರಾಬಾದು, ಗದ್ವಾಲ, ನಾರಾಯಣಪೇಟೆ ಮೂರನ್ನೂ ಒಂದೇ ಗೋಣಿಯಲ್ಲಿ ಹಾಕಿ ತೂಗಿದ್ದು. ಸ್ವಂತ ಮನೆಯಲ್ಲಿರುವವರ ಬಾಡಿಗೆಯನ್ನು ಅದರಲ್ಲಿ ಹಿಡಿಯುವುದೇ ಇಲ್ಲ. ಹೀಗಾಗಿ ದೇಶದ ಪಟ್ಟಣಗಳ ಒಟ್ಟು ಖರ್ಚಿನಲ್ಲಿ ಬಾಡಿಗೆಯ ಪಾಲು ಶೇಕಡಾ 7ರ ಹತ್ತಿರ ಮಾತ್ರ ಕಾಣುತ್ತದೆ. ಈ ಹುಡುಗನಿಗೆ ಅದು ಶೇಕಡಾ 37. ಸಮೀಕ್ಷೆಯವರೂ ನಾನು 2011ರಲ್ಲಿ ಬರೆದ ಹಾಗೆಯೇ ಬರೆದಿದ್ದಾರೆ ಎನ್ನೋಣ. ಅವರಿಗೆ ಅವರ ಕಾರಣವಿದೆ, ನನಗೆ ಇರಲಿಲ್ಲ. ಒಂದು ರಾಜ್ಯಕ್ಕೆ ಇಷ್ಟು ಪಗಾರ ಸಾಕು ಎಂದು ಹೇಳಲು ಬರುವುದಿಲ್ಲ. ಒಂದು ಓಣಿಗೆ, ಒಂದು ಮನೆಗೆ ಹೇಳಬಹುದು.

ಇಷ್ಟೆಲ್ಲ ಆದ ಮೇಲೆ ನಾರಾಯಣಪೇಟೆಯ ಹುಡುಗನೇ ಸರಿ ಎಂದು ನನ್ನ ಮನಸ್ಸು ವಾಲಿತ್ತು. 22,000ದಲ್ಲಿ ಭವಿಷ್ಯನಿಧಿ 1,800, ವೃತ್ತಿತೆರಿಗೆ 200 ಹೋಗಿ ಕೈಗೆ 20,000. ತಂದೆಯ ಕೈಗೆ ಮನೆಖರ್ಚಿಗೆಂದು 10,000 ಕೊಡುತ್ತಾನೆ, ತನ್ನ ಖರ್ಚು ಹೋಗಿ 5-6 ಸಾವಿರ ಉಳಿಸುತ್ತಾನೆ. ಹೈದರಾಬಾದಿನವನಿಗಿಂತ ಹೆಚ್ಚು! ಆದರೆ ಒಮ್ಮೆ ಸುಟ್ಟುಕೊಂಡವನು ನಾನು. ಅವನು ಬೇರೆ ಮನೆ ಮಾಡಿದರೆ ಎಂದು ಲೆಕ್ಕ ಹಾಕಿದೆ. ಬಾಡಿಗೆ 5,500, ಕಿರಾಣಿ 5,500, ಹಾಲು 2,000, ಕಾಯಿಪಲ್ಲೆ 1,800, ಗ್ಯಾಸು 900, ಕರೆಂಟು ಫೋನು 1,200, ಪೆಟ್ರೋಲು 1,200, ಔಷಧಿ 800, ಬಟ್ಟೆಬರೆ ಹಬ್ಬ 1,500. 20,400 ಆಯಿತು. 400 ಕಡಿಮೆ ಬೀಳುತ್ತದೆ. ಅಂದರೆ ಅಲ್ಲಿ ನೆಮ್ಮದಿ ಕೊಡುತ್ತಿರುವುದು ಪಗಾರವಲ್ಲ, ಮನೆ. ಆ ಮನೆ ತಂದೆಯ ಹೆಸರಿನಲ್ಲಿದೆ, ಅಣ್ಣತಮ್ಮಂದಿರು ಇಬ್ಬರು. ನಾಳೆ ಯಾರ ಪಾಲಿಗೆ ಏನು ಎಂಬುದು ಇನ್ನೂ ಬರೆದಿಲ್ಲ. ಬರೆಯಿರಿ ಎಂದು ಹೇಳುವ ಅಧಿಕಾರ ನಮಗಿಲ್ಲ.

ಎರಡು ಹಾಳೆ ಮಾಡಿಕೊಂಡು ಗದ್ವಾಲಕ್ಕೆ ಹೋದೆ. ತಂಗಿ, ಅವಳ ಗಂಡ, ಹುಡುಗಿ ಎಲ್ಲರೂ ಕೂತರು. ಓದಿ ಹೇಳಿದೆ. ಹುಡುಗಿ ಬಿ.ಕಾಂ. ಪಾಸಾದವಳು, ಮೂರು ವರ್ಷದಿಂದ ಅಪ್ಪನ ಅಂಗಡಿಯ ಲೆಕ್ಕ, ಜಿ.ಎಸ್.ಟಿ. ರಿಟರ್ನು ಎಲ್ಲ ಅವಳೇ ಮಾಡುತ್ತಾಳೆ. ಹಾಳೆಗಳನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು.

"ಮಾಮಾ, ಎರಡೂ ಹಾಳಿಯೊಳಗ ನಾ ಖರ್ಚಿನ ಕಡೆ ಮಾತ್ರ ಇದ್ದೀನಿ."

ಯಾರೂ ಮಾತಾಡಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿದೆ. ಅಂಗಡಿಯ ಮಾಲು ಮನೆಯೊಳಗೆ ಹೋದದ್ದನ್ನು ಬರೆಯಲಿಲ್ಲವೆಂದು ಹದಿನಾಲ್ಕು ವರ್ಷ ಪಶ್ಚಾತ್ತಾಪಪಟ್ಟವನು ನಾನು. ನನ್ನ ತಾಯಿಯ, ಹೆಂಡತಿಯ ಕೆಲಸಕ್ಕೆ ಕಿಮ್ಮತ್ತು ಹಚ್ಚದೆ ಬಿಟ್ಟೆನೆಂದು ಬಾಯಲ್ಲಿ ಹೇಳಿದವನೂ ನಾನೇ. ಹೊಸ ಹಾಳೆಯಲ್ಲಿ ಮತ್ತೆ ಅದನ್ನೇ ಮಾಡಿದ್ದೆ. ದಿನಾ ಎರಡು ಡಬ್ಬಿ ಕಟ್ಟುವವಳು ಇವಳು. ಜಮಾದ ಕಡೆ ಇವಳಿಗೆ ಸಾಲೇ ಇಲ್ಲ.

ಅವಳಪ್ಪ ಮೊದಲು ಸಿಟ್ಟಿಗೆದ್ದರು, ನಮ್ಮ ಮನೆತನದಾಗ ಹೆಣ್ಣುಮಕ್ಕಳ ಗಳಿಕೆ ಯಾರು ಎಣಿಸ್ಯಾರ ಎಂದರು. ತಂಗಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತವಳು, "ಎಣಿಸಿಲ್ಲ, ಅದಕ್ಕೇ ಗೊತ್ತಾಗಿಲ್ಲ" ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಗಂಡನ ಮಾತಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡೂ ಕಡೆಗೆ ಒಂದೇ ಪ್ರಶ್ನೆ ಕಳಿಸಿದೆವು. ಹುಡುಗಿ ಲೆಕ್ಕಪತ್ರದ ಕೆಲಸ ಮುಂದುವರಿಸಬೇಕೆನ್ನುತ್ತಾಳೆ, ನಿಮ್ಮ ಅಭಿಪ್ರಾಯವೇನು? ನಾರಾಯಣಪೇಟೆಯವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು: ನಮ್ಮಲ್ಲಿ ಅದರ ಅಗತ್ಯವಿಲ್ಲ, ದೇವರು ಕೊಟ್ಟದ್ದು ಸಾಕಷ್ಟಿದೆ. ಹೈದರಾಬಾದಿನ ಹುಡುಗ ತಾನೇ ಫೋನು ಮಾಡಿದ. "ಅವರು ಕೆಲಸ ಮಾಡಿದರ ನಮ್ಮ ಸಂಸಾರ ಆರಾಮ ಆಗ್ತದ್ರಿ. ಮಾಡದಿದ್ದರ ನಡೀತದ, ಆದರ ಬಿಗಿ ಆಗ್ತದ. ಮೊದಲೇ ಹೇಳಿಬಿಡ್ತೀನಿ. ಡಬ್ಬಿ ನಾನೂ ಕಟ್ಟಿಕೊಳ್ತೀನಿ" ಎಂದ. ಪಗಾರದ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ವರನನ್ನು ನಾನು ಈವರೆಗೆ ನೋಡಿರಲಿಲ್ಲ.

ನಿಶ್ಚಿತಾರ್ಥ ಆಯಿತು. ಗದ್ವಾಲದ ಅಂಗಡಿಯ ಪಗಾರ ಖಾತೆಯಲ್ಲಿ ಆ ತಿಂಗಳಿಂದ ಮಗಳ ಹೆಸರು ಏರಿದೆ, ತಿಂಗಳಿಗೆ 12 ಸಾವಿರದಂತೆ. ಹಿಂದಿನ ಮೂರು ವರ್ಷದ್ದನ್ನು ಅವಳು ಕೇಳಲಿಲ್ಲ, ಅಪ್ಪನೂ ಎತ್ತಲಿಲ್ಲ.

ಮೊನ್ನೆ ತಂಗಿ ಫೋನಿನಲ್ಲಿ, ಓಣಿಯ ಮುದುಕರೊಬ್ಬರಿಗೆ ಹೈದರಾಬಾದಿನಲ್ಲಿ ಕಣ್ಣಿನ ಆಪರೇಷನ್ ಆಗಬೇಕಿದೆ, ಮಗಳ ಮದುವೆಯಾಗಲಿ ಆಮೇಲೆ ಹೋಗ್ತೀನಿ ಎಂದು ತಡೆದು ಕೂತಿದ್ದಾರೆ ಎಂದು ನಗುತ್ತಾ ಹೇಳಿದಳು. ಈಗಲೇ ಹೋಗಿ ಬರಲಿಕ್ಕೆ ಹೇಳು, ಲಾಡ್ಜಿನ ಖರ್ಚು ನಾನು ಕೊಡುತ್ತೇನೆ ಎಂದೆ.